ತೂಕ ನೋಡಿ ಕೊಂಡ ಪವರ್ ಸಪ್ಲೈ

ಶನಿವಾರ ಬೆಳಗಿನ ಏಳೂವರೆಗೆ ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಿಂದ ಹೊರಟೆವು. ನನ್ನ ಕೈಚೀಲದಲ್ಲಿ ನಾಲ್ಕು ಚಪಾತಿ, ನೀರಿನ ಬಾಟಲಿ, ಒಂದು ಭೂತಗನ್ನಡಿ, ಒಂದು ಟೆಸ್ಟರ್ ಮತ್ತು ಮೊಮ್ಮಗಳು ಮೇಘನಾ ಬರೆದುಕೊಟ್ಟ ಪಟ್ಟಿ ಇದ್ದವು. ತಪಾಸಣೆಯ ಯಂತ್ರದಿಂದ ಚೀಲ ಹೊರಬಂದೊಡನೆ ಕಾವಲಿನ ಹೆಣ್ಣುಮಗಳು ಟೆಸ್ಟರನ್ನು ತೆಗೆದು ಬೆಳಕಿಗೆ ಹಿಡಿದಳು.

"ಇದ್ಯಾಕಮ್ಮಾ ನಿಮ್ಗೆ?"

"ಕರೆಂಟ್ ಎಲ್ಲಿದೆ ಅಂತ ನೋಡೋಕೆ."

"ಮೆಟ್ರೋಲಿ ಕರೆಂಟ್ ಇದೆ ಬಿಡಮ್ಮ. ಇಲ್ದಿದ್ರೆ ರೈಲು ಓಡತ್ತಾ?" ಎಂದು ನಕ್ಕು ಅದನ್ನು ಚೀಲಕ್ಕೆ ಹಾಕಿದಳು. ಮೇಘನಾ ನನ್ನ ಪರಿಚಯವೇ ಇಲ್ಲದವಳಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿದ್ದಳು.

ಪಟ್ಟಿಯಲ್ಲಿದ್ದದ್ದು ಒಂದು ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳು. ಮೇಘನಾಳಿಗೆ ಇಪ್ಪತ್ತು ವರ್ಷ, ಬಿ.ಸಿ.ಎ. ಕೊನೆಯ ವರ್ಷ. ಐವರು ಸೇರಿ ಆಡುವ ಆಟದ ತಂಡವೊಂದಕ್ಕೆ ಅವಳ ಆಯ್ಕೆಯಾಗಿತ್ತು. ಮುಂದಿನ ತಿಂಗಳ ಪಂದ್ಯಕ್ಕೆ ಅಭ್ಯಾಸ ಮಾಡಲು ಹಳೆಯ ಲ್ಯಾಪ್‌ಟಾಪ್ ಸಾಲದೆಂದೂ, ಒಂದೊಂದೇ ಭಾಗವನ್ನು ಆರಿಸಿ ತಂದು ಕೂಡಿಸಿದರೆ ಮಾತ್ರ ಬೇಕಾದ ವೇಗ ದೊರೆಯುವುದೆಂದೂ ಎರಡು ತಿಂಗಳಿಂದ ನನಗೂ, ಆಸ್ಪತ್ರೆಯಲ್ಲಿ ದಾದಿಯಾಗಿರುವ ಅವಳ ತಾಯಿಗೂ ವಿವರಿಸುತ್ತಲೇ ಇದ್ದಳು. ತಾಯಿ ಒಪ್ಪಿದ್ದಳು. ಒಪ್ಪದೆ ಉಳಿದವಳು ನಾನೊಬ್ಬಳೇ.

ಆ ಯಂತ್ರವನ್ನು ಇರಿಸಬೇಕಾದ ಕೋಣೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಬಾಗಿಲು ಒಂದೇ, ಕಿಟಕಿಗೆ ಕಬ್ಬಿಣದ ಸರಳು. ಮೇಘನಾ ಮಲಗುವುದು ಅಲ್ಲಿಯೇ. ಇಂಥ ಯಂತ್ರ ಪೂರ್ತಿ ದುಡಿಯುವಾಗ ಹೆಚ್ಚುಕಡಿಮೆ ಒಂದು ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ಕರೆಂಟ್ ಎಳೆಯುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ನಾವು ಹತ್ತು ನಿಮಿಷಕ್ಕೆ ಆರಿಸಿ, ಕಣ್ಣೆದುರಿಗೇ ತಣ್ಣಗಾಗಲು ಬಿಡುತ್ತೇವೆ. ಇದನ್ನು ಮಂಚದ ಪಕ್ಕದಲ್ಲಿ ಗಂಟೆಗಟ್ಟಲೆ ಉರಿಸಬೇಕು. ಈ ವಿಚಾರ ತಲೆಗೆ ಬಂದ ದಿನದಿಂದ ನಾನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಹೆದರಿಕೆಗೆ ಹಿನ್ನೆಲೆಯೂ ಇದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿ ಸುತ್ತಿದೆ. ವಿದ್ಯುತ್ತಿನ ಬಗ್ಗೆ ತಿಳಿದಿರುವುದೆಲ್ಲ ಅಲ್ಲಿ ಎಸೆಯುತ್ತಿದ್ದ ಕೈಪಿಡಿಗಳನ್ನು ನಿಘಂಟಿನ ಸಹಾಯದಿಂದ ಓದಿ ಕಲಿತದ್ದು. ವಾರ್ನಿಷ್ ಹಚ್ಚಿದ ಸುರುಳಿಗಳನ್ನು ಒಣಗಿಸುವ ಓವನ್ನಿನ ಕೋಣೆಗೆ ಒಂದು ಸಂಜೆ ಬೆಂಕಿ ಬಿತ್ತು. ಒಳಗಿದ್ದ ನನ್ನ ಗೆಳತಿ ರತ್ನಮ್ಮನ ಎರಡೂ ತೋಳುಗಳು ಮೊಣಕೈವರೆಗೆ ಸುಟ್ಟವು. ತನಿಖೆಗೆ ಬಂದವರು ಒಂದೇ ಸಾಲು ಬರೆದುಕೊಂಡು ಹೋದರು: ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ. ಪತ್ರಿಕೆಯಲ್ಲಿಯೂ ಅದೇ ಬಂತು. ಇಂದಿಗೂ ಎಲ್ಲಿ ಏನು ಹೊತ್ತಿಕೊಂಡರೂ ಅವೇ ಎರಡು ಪದ. ಗೋಡೆಯೊಳಗಿನ ತಂತಿ ತಾನಾಗಿಯೇ ಎದ್ದುಹೋಗಿ ಇನ್ನೊಂದು ತಂತಿಯನ್ನು ಮುಟ್ಟುವುದಿಲ್ಲ. ಆ ವರದಿಯನ್ನು ನಾನು ಅಂದೂ ನಂಬಲಿಲ್ಲ. ನಂಬದಿರಲು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಆದ್ದರಿಂದ ಒಂದು ಷರತ್ತು ಹಾಕಿದ್ದೆ. ಪ್ರತಿಯೊಂದು ಭಾಗವನ್ನೂ ನಾನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಒಪ್ಪಬೇಕು. ನಾನು ಬೇಡವೆಂದದ್ದು ಮನೆಯ ಹೊಸ್ತಿಲು ದಾಟಬಾರದು. ಮೇಘನಾ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡೆವು. ವೈಟ್‌ಫೀಲ್ಡಿನವರೆಗೆ ಒಬ್ಬೊಬ್ಬರಿಗೆ ತೊಂಬತ್ತು ರೂಪಾಯಿ. ನೆಲದಡಿ ಓಡುವಷ್ಟು ಹೊತ್ತು ಕಂಬಿಯನ್ನು ಬಿಗಿಯಾಗಿ ಹಿಡಿದು, ತುರ್ತು ಬಾಗಿಲಿನ ಸೂಚನೆಯನ್ನು ಎರಡು ಸಲ ಓದಿದೆ. ರೈಲು ಬೆಳಕಿಗೆ ಬಂದ ಮೇಲೆ ಗಾಜಿನ ಕಟ್ಟಡಗಳು, ಮಹದೇವಪುರದ ಹಳೆಯ ಮನೆಗಳ ಮೇಲಿನ ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳು ಒಂದರ ಹಿಂದೊಂದು ಸರಿದವು. ಕೊನೆಯ ನಿಲ್ದಾಣದಲ್ಲಿ ಇಳಿದಾಗ ಒಂಬತ್ತು ಗಂಟೆ ದಾಟಿ ಬಿಸಿಲು ಏರತೊಡಗಿತ್ತು.

ಅಲ್ಲಿ ಕೊಳ್ಳಬೇಕಾಗಿದ್ದುದು ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಬಿಡಿಸುವ ಭಾಗ ಅದು. ಯಂತ್ರದಲ್ಲಿ ಅತಿ ಹೆಚ್ಚು ಕರೆಂಟ್ ಕುಡಿಯುವುದೂ ಅದೇ. ಹೊಸದರ ಬೆಲೆ ನಮಗೆ ಎಟುಕುವಂಥದಲ್ಲ. ಒಂಬತ್ತನೆಯ ಮಹಡಿಯ ಒಂದು ಮನೆಯವರು ಒಂದು ವರ್ಷ ಬಳಸಿದ್ದನ್ನು ಮಾರುತ್ತಿದ್ದರು. ಗದಗಿನ ಕಡೆಯ ಎಂಜಿನಿಯರ್ ದಂಪತಿ. ಬಾಗಿಲು ತೆರೆದ ಯಜಮಾನರ ಹಣೆಯಲ್ಲಿ ಆಗತಾನೆ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು.

"ಬರ್ರಿ ಅಮ್ಮಾರ, ಕುಂದರ್ರಿ. ವೀಕೆಂಡ್ ಅಷ್ಟ ಆಡೇನ್ರಿ ನಾ ಇದರಾಗ. ಹೊಸಾದರಂಗೈತಿ," ಎಂದರು ಅವರು.

ಒಳಗಿನಿಂದ ಅವರ ಪತ್ನಿಯ ಧ್ವನಿ ಬಂತು: "ಹಿರ್ಯಾರ ಮುಂದ ಸುಳ್ಳ ಹೇಳಬ್ಯಾಡ್ರಿ. ದಿನಾ ಆಡ್ಯಾರ ಅಮ್ಮಾರ. ಊಟಕ್ಕ ಕರದ್ರ ಹತ್ತ್ ನಿಮಿಷ, ಹತ್ತ್ ನಿಮಿಷ ಅಂತ ಅಂದು ರೊಟ್ಟಿ ತಣ್ಣಗ ಮಾಡ್ಯಾರ. ಅದಕ್ಕ ಮಾರ್ರಿ ಅಂದೀನಿ."

ಯಜಮಾನರು ನೆಲ ನೋಡಿದರು. ಆ ಹೆಣ್ಣುಮಗಳ ಮಾತಿನಿಂದಲೇ ನನಗೆ ಸ್ವಲ್ಪ ಧೈರ್ಯ ಬಂತು. ಕಾರ್ಡು ಒಂದು ಇಟ್ಟಿಗೆಗಿಂತ ದೊಡ್ಡದಿತ್ತು. ಕರೆಂಟು ಒಳಬರುವ ಹನ್ನೆರಡು ಪಿನ್ನುಗಳ ಸಣ್ಣ ಕಿಂಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ, ಮೂಸಿಯೂ ನೋಡಿದೆ. ಸುಟ್ಟ ವಾಸನೆಯಿರಲಿಲ್ಲ. ಅರ್ಧ ಗಂಟೆ ಅವರ ಯಂತ್ರದಲ್ಲಿಯೇ ಓಡಿಸಿ ತೋರಿಸಬೇಕೆಂದು ಕೇಳಿದೆ. ಪೆಟ್ಟಿಗೆಯ ಹಿಂಬದಿಗೆ ಹಿಡಿದಿದ್ದ ನನ್ನ ಅಂಗೈಗೆ ಬಿಸಿಗಾಳಿ ಬಡಿಯತೊಡಗಿತು. ಹತ್ತು ನಿಮಿಷಕ್ಕೆ ಕೈ ಹಿಂತೆಗೆಯಬೇಕಾಯಿತು.

"ಇಷ್ಟು ಬಿಸಿ?"

"ನಾರ್ಮಲ್ ರೀ ಅಮ್ಮಾರ," ಎಂದರು ಯಜಮಾನರು.

ನಾರ್ಮಲ್ ಎಂಬ ಪದವನ್ನು ನಾನು ಓವನ್ನಿನ ಕೋಣೆಯ ಬಾಗಿಲಲ್ಲಿಯೂ ಕೇಳಿದ್ದೆ. ಆದರೂ ಕಾರ್ಡಿನಲ್ಲಿ ಬೇಡವೆನ್ನಲು ಆಧಾರ ಸಿಗಲಿಲ್ಲ. ಒಪ್ಪಿದೆ. ಮನೆಯಾಕೆ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಜೊತೆಗೆ ನಾಲ್ಕು ಶೇಂಗಾ ಹೋಳಿಗೆಯನ್ನೂ ಕಟ್ಟಿಕೊಟ್ಟರು.

ಅಲ್ಲಿಂದ ಮಾರತ್ತಹಳ್ಳಿಗೆ ಬಸ್ಸು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಆದದ್ದರಿಂದ ಆಧಾರ್ ಕಾರ್ಡು ತೋರಿಸಿದ್ದಷ್ಟೇ ಖರ್ಚು. ದೂರ ಹೆಚ್ಚಿಲ್ಲದಿದ್ದರೂ ಮುಕ್ಕಾಲು ಗಂಟೆ ಹಿಡಿಯಿತು. ಮೇಘನಾ ಕಾರ್ಡನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹೊಸ ಪೇಯಿಂಗ್ ಗೆಸ್ಟ್ ಕಟ್ಟಡಗಳನ್ನು ನಾನು ಎಣಿಸುತ್ತಿದ್ದೆ. ಒಂದೊಂದರಲ್ಲಿ ನೂರಾರು ಮಂಚ, ಹೊರಬರಲು ಒಂದೊಂದೇ ಮೆಟ್ಟಿಲು.

ಸೇತುವೆಯ ಸಮೀಪ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡನೆಯ ಮಹಡಿಯಲ್ಲಿ ನಯಾಜ್ ಎಂಬಾತನ ಕಂಪ್ಯೂಟರ್ ಅಂಗಡಿ. ಅಲ್ಲಿ ಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆಯೂ ಪವರ್ ಸಪ್ಲೈಯೂ ಆಗಬೇಕಿತ್ತು. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿಕೊಡುವ ಭಾಗ ಈ ಪವರ್ ಸಪ್ಲೈ. ಬೆಂಕಿ ಹುಟ್ಟುವುದಿದ್ದರೆ ಇಲ್ಲಿಯೇ ಹುಟ್ಟುತ್ತದೆ. ಇಡೀ ಪ್ರಯಾಣದಲ್ಲಿ ನಾನು ಕಾದಿದ್ದುದು ಈ ಒಂದಕ್ಕೆ.

ಮೇಘನಾಳ ಪಟ್ಟಿಯಲ್ಲಿದ್ದುದನ್ನು ನಯಾಜ್ ಮೇಜಿನ ಮೇಲೆ ಇಟ್ಟ. ಎಂಟುನೂರ ಐವತ್ತು ವ್ಯಾಟ್. ಕೈಗೆತ್ತಿಕೊಂಡೆ, ನಿರೀಕ್ಷಿಸಿದ್ದಕ್ಕಿಂತ ಹಗುರವಾಗಿತ್ತು. ಕೆಳಗಿನ ಕಪಾಟಿನಲ್ಲಿ ಅಷ್ಟೇ ವ್ಯಾಟ್ ಬರೆದಿದ್ದ ಇನ್ನೊಂದು ಕಂಪನಿಯದು ಕಾಣಿಸಿತು. ಅದನ್ನೂ ಎತ್ತಿದೆ. ಎಡಗೈಗೊಂದು, ಬಲಗೈಗೊಂದು ಹಿಡಿದು ನಿಂತೆ. ಎರಡನೆಯದು ಸ್ಪಷ್ಟವಾಗಿ ಭಾರ.

ತಂತಿ ಸುತ್ತುವ ಹೆಂಗಸರಾದ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊರಗಿನಿಂದ ಟ್ರಾನ್ಸ್‌ಫಾರ್ಮರ್ ಬಂದರೆ ಅದರ ಮೇಲಿನ ಚೀಟಿಯನ್ನು ನಾವು ಓದುತ್ತಿರಲಿಲ್ಲ, ಎತ್ತಿ ನೋಡುತ್ತಿದ್ದೆವು. ತಾಮ್ರ ಕದ್ದಿದ್ದರೆ ಕೈಗೆ ತಿಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಇದನ್ನು ಕಲಿಸಿದವಳು ರತ್ನಮ್ಮ. ಈ ಕಾಲದ ಪವರ್ ಸಪ್ಲೈ ಹಗುರವಾಗಿರುತ್ತದೆಂದು ನಾನು ಓದಿಲ್ಲವೆಂದಲ್ಲ. ಆದರೆ ಒಂದೇ ಶಕ್ತಿ ಹೇಳುವ ಎರಡರಲ್ಲಿ ಭಾರವಾದುದರೊಳಗೆ ಹೆಚ್ಚು ತಾಮ್ರವಿರಲೇಬೇಕು ಎಂಬ ತರ್ಕವನ್ನು ಯಾವ ಪುಸ್ತಕವೂ ಅಲ್ಲಗಳೆದಿರಲಿಲ್ಲ.

"ಇದನ್ನ ಕೊಡಿ," ಎಂದೆ.

ನಯಾಜ್ ತಲೆ ಅಲ್ಲಾಡಿಸಿದ. "ಬೇಡ ಅಮ್ಮಾ. ಅದು ಹಳೇ ಸ್ಟಾಕು, ಯಾರೋ ಏಜೆಂಟು ಬಿಟ್ಟೋಗಿರೋದು. ಆಫೀಸ್ ಕಂಪ್ಯೂಟರ್‌ಗೆ ಬೇಕಾದ್ರೆ ಹಾಕ್ಬೋದು. ಇಷ್ಟು ದೊಡ್ಡ ಕಾರ್ಡ್‌ಗೆ ಹಾಕ್ಬೇಡಿ. ಪಾಪು ಹೇಳಿರೋದೇ ಸಕ್ಕತ್ತಾಗಿದೆ."

"ಅವ್ಳು ಹೇಳಿರೋದಕ್ಕೆ ರೇಟು ಜಾಸ್ತಿ ಅಲ್ವಾ?"

"ಜಾಸ್ತಿನೇ. ಎರಡರಷ್ಟಿದೆ."

"ಅದಕ್ಕೇ ಹೇಳ್ತಿದ್ದೀಯ."

ಆತನ ಮುಖ ಸಣ್ಣದಾಯಿತು. ಮೇಘನಾ ನನ್ನ ಸೆರಗು ಹಿಡಿದೆಳೆದಳು. "ಅಜ್ಜಿ, ಎಷ್ಟೊಂದ್ ಜನ ಬಿಚ್ಚಿ, ಟೆಸ್ಟ್ ಮಾಡಿ ತೋರ್ಸಿದ್ದಾರೆ ಅದನ್ನ. ವಿಡಿಯೋ ಇದೆ, ನೋಡು ಬೇಕಾದ್ರೆ."

"ಅವ್ರು ಯಾರು? ನಿಂಗೆ ಗೊತ್ತಾ? ನಾನು ನನ್ನ ಕೈ ನಂಬ್ತೀನಿ."

ಷರತ್ತು ಷರತ್ತೇ. ಪೆಟ್ಟಿಗೆಯನ್ನು ಸಂಜೆಯೊಳಗೆ ಮನೆಗೆ ಕಳಿಸಲು ಹೇಳಿ, ಅವಳು ಭಾರದ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಕೆಳಗಿನ ದರ್ಶಿನಿ ಹೋಟೆಲಿನಲ್ಲಿ ಎರಡು ಲೋಟ ಮಜ್ಜಿಗೆ ಕೊಂಡು ಚಪಾತಿ ತಿಂದೆವು. ನಾನು ಕೈ ತೊಳೆಯಲು ಎದ್ದಾಗ ಅವಳು ಛತ್ರಿಯನ್ನು ಅಂಗಡಿಯಲ್ಲಿ ಮರೆತಿರುವುದಾಗಿ ಹೇಳಿ ಮೇಲೆ ಓಡಿದಳು. ಹತ್ತು ನಿಮಿಷದ ಮೇಲೆ ಇಳಿದು ಬಂದಳು. ಮುಖ ಕೆಂಪಾಗಿತ್ತು. ಮೆಟ್ಟಿಲು ಹತ್ತಿದ ದಣಿವೆಂದುಕೊಂಡೆ.

ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡಿನವರೆಗಿನ ಬಸ್ಸಿನಲ್ಲಿ ನಿಂತೇ ಬಂದೆವು. ರಿಂಗ್ ರೋಡಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿದಂತೆ ತೆವಳುತ್ತಿದ್ದವು. ಎಂಜಿನ್ನಿನ ಕಾವು ಕಾಲಿನಡಿಯಿಂದ ಮೇಲೇರುತ್ತಿತ್ತು. ಇಲ್ಲಿ ಏನಾದರೂ ಹೊತ್ತಿಕೊಂಡರೆ ಯಾವ ಬಾಗಿಲಿನಿಂದ ಇಳಿಯಬೇಕೆಂದು ಲೆಕ್ಕ ಹಾಕಿಕೊಂಡು, ಮೇಘನಾಳನ್ನು ಆ ಬಾಗಿಲಿನ ಕಡೆಗೇ ನಿಲ್ಲಿಸಿದೆ. ಸಿಲ್ಕ್ ಬೋರ್ಡಿನಲ್ಲಿ ಹೊಸ ಹಳದಿ ಮಾರ್ಗದ ರೈಲು ಹತ್ತಿದಾಗ ಎರಡೂವರೆ.

ಎಲೆಕ್ಟ್ರಾನಿಕ್ ಸಿಟಿಗೆ ನಾನು ಹಿಂದೊಮ್ಮೆ ಕಾರ್ಖಾನೆಯ ಟೆಂಪೊದಲ್ಲಿ ಟ್ರಾನ್ಸ್‌ಫಾರ್ಮರುಗಳ ಜೊತೆ ಬಂದಿದ್ದೆ. ಆಗ ಅಲ್ಲಿ ನೀಲಗಿರಿ ಮರಗಳ ನಡುವೆ ಹರಡಿಕೊಂಡ ಕೆಲವು ಕಾರ್ಖಾನೆಗಳಿದ್ದವು. ಈಗ ಮೇಲೆ ರಸ್ತೆ, ಅದರ ಬದಿಗೆ ರೈಲು, ಕೆಳಗೆ ಇನ್ನೊಂದು ರಸ್ತೆ. ಮುಖ್ಯರಸ್ತೆಯಿಂದ ಒಳಗೆ ಒಂದು ಮೊದಲ ಮಹಡಿಯಲ್ಲಿ ಪ್ರದೀಪ ಎಂಬ ಯುವಕ ಇಂಥ ಯಂತ್ರಗಳನ್ನು ಜೋಡಿಸಿಕೊಡುತ್ತಾನೆ. ಪ್ರೊಸೆಸರ್, ಮದರ್‌ಬೋರ್ಡ್ ಮತ್ತು ಕೂಲರನ್ನು ಅವನು ಎತ್ತಿಟ್ಟಿದ್ದ.

ಪ್ರೊಸೆಸರನ್ನು ತಣ್ಣಗಿಡುವ ಆ ಕೂಲರಿನ ಒಳಗೆ ನೀರು ಹರಿಯುತ್ತದೆಂದು ಅವನು ಹೆಮ್ಮೆಯಿಂದ ಹೇಳಿದ. ಕರೆಂಟಿನ ಪೆಟ್ಟಿಗೆಯೊಳಗೆ ನೀರಿನ ಕೊಳವೆ! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

"ಲೀಕ್ ಆಗಲ್ಲ ಅಜ್ಜಿ. ಸೀಲ್ಡ್ ಇರತ್ತೆ."

"ನಮ್ಮನೆ ನಲ್ಲಿ ಹಾಕ್ದೋನೂ ಹಾಗೇ ಹೇಳಿದ್ದ."

ಮೇಘನಾಳೇ ನಡುವೆ ಬಂದು ತಾಮ್ರದ ಕೊಳವೆಗಳೂ ಫ್ಯಾನೂ ಇರುವ ಕೂಲರನ್ನು ಆರಿಸಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನ ಮೇಜಿನ ಮೂಲೆಯ ಒಂದು ತಟ್ಟೆಯಲ್ಲಿ ಬೆರಳುದ್ದದ ಕಪ್ಪು ಪ್ಲಗ್ಗೊಂದು ಬಿದ್ದಿತ್ತು. ಬೆಳಿಗ್ಗೆ ಭೂತಗನ್ನಡಿಯಲ್ಲಿ ನೋಡಿದ ಕಿಂಡಿಗೆ ಸೇರುವಂಥದೇ. ಅದರ ಒಂದು ಬದಿ ಬೆಲ್ಲದಂತೆ ಕರಗಿ ಗಂಟಾಗಿತ್ತು. ಕೈಗೆತ್ತಿಕೊಂಡೆ. ತಣ್ಣಗಿದ್ದರೂ ವಾಸನೆ ಹೋಗಿರಲಿಲ್ಲ.

"ಇದೇನು?"

ಪ್ರದೀಪ ಹೇಳಿದ: "ಒಬ್ಬ ಕಸ್ಟಮರ್‌ದು ಅಜ್ಜಿ. ಪೂರ್ತಿ ಒತ್ತಿ ಕೂರ್ಸಿರಲಿಲ್ಲ ಅನ್ಸತ್ತೆ. ಕರಗೋಯ್ತು. ಯೂಸರ್ ಮಿಸ್ಟೇಕ್."

"ಹಾಗಂತ ಯಾರು ಹೇಳಿದ್ದು?"

"ರಿಪೋರ್ಟ್ ಹಾಗೇ ಬಂತು."

"ರಿಪೋರ್ಟ್ ಬರ್ದೋರು ಆ ಮನೇಲಿದ್ರಾ?"

ಅವನು ಪ್ಲಗ್ಗನ್ನು ನನ್ನ ಕೈಯಿಂದ ತೆಗೆದು ತಟ್ಟೆಗೆ ಹಾಕಿದ. ಮೇಘನಾಳ ಮುಖದಲ್ಲಿ ಅಂದು ಮೊದಲ ಬಾರಿಗೆ ನಗೆ ಇಂಗಿಹೋದದ್ದನ್ನು ಕಂಡೆ.

ಹಿಂದಿರುಗುವ ರೈಲು ಹತ್ತಿದೆವು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾದ ಮೇಲೂ ಆ ಕರಗಿದ ವಾಸನೆ ನನ್ನ ಬೆರಳುಗಳಲ್ಲಿಯೇ ಇತ್ತು. ಇದು ಹೀಗೇ ಮನೆಗೆ ಹೋದರೆ ನಾಳೆ ಬೆಳಿಗ್ಗೆ ಅವಳು ಜೋಡಿಸುತ್ತಾಳೆ, ನಾಳೆ ರಾತ್ರಿ ಅದರ ಪಕ್ಕದಲ್ಲಿ ಮಲಗುತ್ತಾಳೆ. ಕೈಯಿಂದ ಎತ್ತಿ ನೋಡಿದ್ದು ಸಾಲದು ಎಂದು ನನಗೇ ಅನ್ನಿಸತೊಡಗಿತು. ಪೂರ್ತಿ ಹೊರೆ ಹಾಕಿ, ಅಂದರೆ ಅದು ಕೊಡಬಲ್ಲೆನೆನ್ನುವಷ್ಟು ಕರೆಂಟನ್ನೂ ಎಳೆದು, ಓಡಿಸಿ ನೋಡಬೇಕು. ಅದಕ್ಕೆ ಬೇಕಾದ ಸಲಕರಣೆಯಿರುವ ಜಾಗ ನನಗೆ ಗೊತ್ತಿದ್ದುದು ಒಂದೇ. ಮನೆಯಿಂದ ಎರಡು ಕಿಲೋಮೀಟರು. ಅಲ್ಲಿಗೆ ಹೋಗದೆ ಹನ್ನೊಂದು ವರ್ಷವಾಗಿತ್ತು.

"ನಾವು ಮನೆಗೆ ಹೋಗಲ್ಲ," ಎಂದೆ. "ರತ್ನಮ್ಮನ ಶೆಡ್ಡಿಗೆ ಹೋಗ್ತೀವಿ."

"ಕೈ ಸುಟ್ಕೊಂಡಿದ್ದ ರತ್ನಮ್ಮನಾ? ನೀನು ಅವ್ರ ಮನೆ ಕಡೆ ರಸ್ತೇಲೂ ಹೋಗಲ್ವಲ್ಲ ಅಜ್ಜಿ."

ನಾನು ಕಿಟಕಿಯ ಹೊರಗೆ ನೋಡಿದೆ.

ಪೀಣ್ಯದಲ್ಲಿ ಇಳಿದಾಗ ಐದೂವರೆ. ಆಟೋದವನು ಎಂಬತ್ತು ಕೇಳಿ ಅರವತ್ತಕ್ಕೆ ಒಪ್ಪಿದ. ಲೇತ್ ಯಂತ್ರಗಳ ಸದ್ದು, ಕೂಲಂಟ್ ಎಣ್ಣೆಯ ವಾಸನೆ, ಕಬ್ಬಿಣದ ಪುಡಿ ಮೆತ್ತಿದ ರಸ್ತೆ. ಕಣ್ಣು ಮುಚ್ಚಿದ್ದರೂ ಎಲ್ಲಿದ್ದೇನೆಂದು ಹೇಳಬಲ್ಲೆ. ರತ್ನಮ್ಮನ ಶೆಡ್ಡು ಒಂದು ಶಟರಿನದು, ಹಿಂದೆ ಗಾಳಿಗೊಂದು ಸಣ್ಣ ಬಾಗಿಲು. ಸುತ್ತಲಿನ ಕಾರ್ಖಾನೆಗಳ ಯು.ಪಿ.ಎಸ್., ಚಾರ್ಜರುಗಳನ್ನು ದುರಸ್ತಿ ಮಾಡಿ, ಹೊರೆ ಹಾಕಿ ಪರೀಕ್ಷಿಸಿ ಕಳಿಸುತ್ತಾಳೆ. ಎಪ್ಪತ್ತು ದಾಟಿದ್ದಾಳೆ. ಮೊಣಕೈವರೆಗೆ ರವಿಕೆಯ ತೋಳು; ಅದರ ಕೆಳಗೆ ಹೊಳೆಯುವ, ಮಡಿಕೆಬಿದ್ದ ಚರ್ಮ.

"ಏನೇ ಸರೋಜಾ, ದಾರಿ ಮರ್ತೋಗಿತ್ತಾ? ಅಂಗೇ ನಿಂತ್ಕಬ್ಯಾಡ, ಒಳೀಕೆ ಬಾ," ಎಂದಳು. "ಇವ್ಳು ಮಗಳ ಮಗಳಾ? ನಿನ್ ಮೂಗೇ ಐತೆ. ಹಟನೂ ಅದೇನಾ?"

"ಜಾಸ್ತಿನೇ ಇದೆ," ಎಂದಳು ಮೇಘನಾ.

ವಿಷಯ ಹೇಳಿ ಭಾರದ ಪವರ್ ಸಪ್ಲೈಯನ್ನು ಮೇಜಿನ ಮೇಲಿಟ್ಟೆ. ಹೊರೆಗೆಂದು ಅವಳು ಇಟ್ಟುಕೊಂಡಿರುವುದು ಹೀಟರಿನ ಸುರುಳಿಗಳ ಒಂದು ಸಾಲು, ಪಕ್ಕದಲ್ಲಿ ಆಂಪಿಯರ್ ಮೀಟರು, ಎದುರಿಗೆ ಒಂದು ಫ್ಯಾನು. ಪ್ಲಗ್ಗಿನ ಎರಡು ತೂತುಗಳ ನಡುವೆ ತುಂಡು ತಂತಿ ಸೇರಿಸಿ ಅದನ್ನು ಎಬ್ಬಿಸಿದಳು. ಒಂದೊಂದೇ ಸುರುಳಿ ಸೇರಿಸುತ್ತ ಹೋದಳು. ಇನ್ನೂರು ವ್ಯಾಟ್. ಮುನ್ನೂರು. ನಾನೂರು ಎನ್ನುವಾಗ ಒಳಗಿನ ಫ್ಯಾನಿನ ಸದ್ದು ಬದಲಾಯಿತು. ನಾನು ಮೇಘನಾಳ ತೋಳು ಹಿಡಿದು ಬಾಗಿಲಿನ ಕಡೆಗೆ ಎಳೆದೆ. ಐನೂರು ಮುಟ್ಟುವಷ್ಟರಲ್ಲಿ ವಾಸನೆ ಬಂತು. ಬೇಯುವ ವಾರ್ನಿಷಿನದು, ಹಸಿ ಗೋಡಂಬಿ ಸಿಪ್ಪೆ ಸುಟ್ಟಂತೆ, ಗಂಟಲಿಗೆ ಅಂಟುವಂಥದು. ಬೇರೆ ಯಾವ ವಾಸನೆಯನ್ನು ಮರೆತರೂ ಅದನ್ನು ನಾನು ಮರೆಯುವವಳಲ್ಲ.

"ಆರ್ಸು! ರತ್ನಾ, ಆರ್ಸು!"

ಅವಳು ಆರಿಸುವ ಮೊದಲೇ ಪಟಾಕಿಯಂತೆ ಸಿಡಿಯಿತು. ಜಾಲರಿಯಿಂದ ಕಿಡಿ ಹಾರಿ ಬೂದುಹೊಗೆ ಎದ್ದಿತು. ಮೇಜಿನ ಮೇಲಿನ ಫ್ಯೂಸ್ ಹೋಗಿ ದೀಪವೂ ಆರಿತು. ಮೇಘನಾಳ ಉಗುರುಗಳು ನನ್ನ ಕೈಯಲ್ಲಿ ನೆಟ್ಟಿದ್ದವು.

ರತ್ನಮ್ಮ ಮಾತ್ರ ಅಲುಗಲಿಲ್ಲ. ಶಟರನ್ನು ಪೂರ್ತಿ ಎತ್ತಿಸಿ, ಹೊಗೆ ಹೋಗಲು ಬಿಟ್ಟು, ಒಳಗೆ ಉಳಿದಿದ್ದ ಕರೆಂಟನ್ನು ಒಂದು ಬಲ್ಬಿನ ಮೂಲಕ ಇಳಿಸಿ, ಆಮೇಲೆ ನಾಲ್ಕು ತಿರುಪು ಬಿಚ್ಚಿದಳು. ಒಳಗೆ ಅರ್ಧ ಜಾಗ ಖಾಲಿ. ತಳಕ್ಕೆ ಟೇಪು ಸುತ್ತಿ ಅಂಟಿಸಿದ್ದ ಒಂದು ಕಬ್ಬಿಣದ ತುಂಡು. ಯಾವ ತಂತಿಯೂ ಅದಕ್ಕೆ ಹೋಗಿರಲಿಲ್ಲ, ಅದರಿಂದ ಬಂದಿರಲಿಲ್ಲ.

ರತ್ನಮ್ಮ ಅದನ್ನು ಕಿತ್ತು ಅಂಗೈಯಲ್ಲಿ ಕುಣಿಸಿದಳು. "ಎತ್ತಿ ನೋಡಿ ತಗಂಡ್ಯಾ?"

"ನೀನೇ ಹೇಳ್ಕೊಟ್ಟಿದ್ದಲ್ವಾ."

"ಟ್ರಾನ್ಸ್‌ಫಾರ್ಮರ್‌ಗೆ ಹೇಳಿದ್ದು ಕಣೇ! ಆವಾಗ್ಲಿಂದ ಕಳ್ಳನೂ ಆ ಪಾಠ ಕಲ್ತವ್ನೆ. ನೀನು ಎತ್ತಿ ನೋಡ್ತೀಯ ಅಂತ್ಲೇ ಇದನ್ನ ಇಟ್ಟವ್ನೆ."

ಹತ್ತು ಜನರ ಮಾತನ್ನು ಅನುಮಾನಿಸುತ್ತ ಊರೆಲ್ಲ ಸುತ್ತಿದ ನಾನು, ನನ್ನ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ. ನಯಾಜನ ಸಣ್ಣದಾದ ಮುಖ ನೆನಪಾಯಿತು. ಈ ಡಬ್ಬಿ ನಾಳೆ ಆ ಹತ್ತಡಿ ಕೋಣೆಯಲ್ಲಿ ಇರುತ್ತಿತ್ತು.

ಆಗ ಮೇಘನಾ ತನ್ನ ಬೆನ್ನುಚೀಲ ಬಿಚ್ಚಿ ಇನ್ನೊಂದು ಡಬ್ಬಿ ತೆಗೆದಳು. ಬೆಳಿಗ್ಗೆ ನಾನು ಬೇಡವೆಂದ ಹಗುರದ್ದು. "ಛತ್ರಿ ಬಿಟ್ಟಿರಲಿಲ್ಲ ಅಜ್ಜಿ. ಹೋದ್ ಸಲದ ಪಂದ್ಯದಲ್ಲಿ ಬಂದಿದ್ದ ನನ್ ಪ್ರೈಜ್ ದುಡ್ಡಲ್ಲಿ ತಗೊಂಡೆ. ನಿಂಗೆ ಹೇಳ್ದೆ ಬದಲಾಯಿಸ್ಬಿಡೋಣ ಅಂತಿದ್ದೆ. ಬೈಬೇಡ."

ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ರತ್ನಮ್ಮನ ಮೇಜಿನ ಮೇಲಿಟ್ಟೆ.

"ಸರಿ, ಇದನ್ನೂ ನೋಡ್ಬುಡಾನ," ಎಂದ ರತ್ನಮ್ಮ ಮೇಜಿನ ಪಿಂಗಾಣಿ ಫ್ಯೂಸನ್ನು ಕಿತ್ತು, ಫ್ಯೂಸ್ ತಂತಿಯ ಸುರುಳಿಯೊಂದಿಗೆ ನನ್ನ ಮುಂದೆ ಹಿಡಿದಳು. "ನನ್ ಕಣ್ಗೆ ಸಣ್ಣ ಎಳೆ ಕಾಣಾಕಿಲ್ಲ. ನೀನೇ ಹಾಕು."

ನಾನು ಕೈ ಚಾಚಲಿಲ್ಲ. ಚಾಚಲಾಗಲಿಲ್ಲ. ಅಷ್ಟು ವರ್ಷ ಯಾರಿಗೂ ಹೇಳದಿದ್ದುದು ಮೊಮ್ಮಗಳ ಎದುರಿಗೇ ಹೊರಬಂತು.

"ರತ್ನಾ, ಅವತ್ತು ಓವನ್ನಿನ ಫ್ಯೂಸಿಗೆ ದಪ್ಪ ತಂತಿ ಹಾಕಿದ್ದು ನಾನು. ದಿನಾ ಹೋಗ್ತಿತ್ತು. ಮೂರು ಎಳೆ ತಿರುಚಿ ಹಾಕ್ಬಿಟ್ಟೆ. ಜಾಸ್ತಿ ಕರೆಂಟ್ ಎಳೆದ್ರೂ ಫ್ಯೂಸ್ ಹೋಗ್ದೆ ಓವನ್ ಹೊತ್ಕೊಳ್ತು. ಶಾರ್ಟ್ ಸರ್ಕ್ಯೂಟ್ ಅಲ್ಲ ಅದು."

"ಗೊತ್ತು."

"ಏನು ಗೊತ್ತು?"

"ಇಪ್ಪತ್ತೆರಡನೇ ಗೇಜಿನ ತಾಮ್ರದ ತಂತಿ. ಅವತ್ತು ನಿನ್ ಮಿಷಿನ್‌ನಾಗೆ ಮಾತ್ರ ಓಡ್ತಿತ್ತು ಅದು. ನಾನು ಓವನ್ ಹಚ್ಚೋಕ್ ಮುಂಚೆನೇ ನೋಡ್ದೆ." ಅವಳು ತನ್ನ ತೋಳನ್ನು ಸವರಿಕೊಂಡಳು. "ತೆಗೀಬೋದಿತ್ತು. ತೆಗ್ದಿದ್ರೆ ಓವನ್ ನಿಲ್ತಿತ್ತು, ಮಾಲಿಗ್ ಬಂದಿದ್ ಲಾರಿ ವಾಪಸ್ ಓಗ್ತಿತ್ತು, ಮಾಲೀಕ್ರು ಕೂಗಾಡೋರು. ಇವತ್ತೊಂದಿನ ನಡೀಲಿ ಅಂತ ಸುಮ್ಕಾದೆ. ಬರ್ಕೊಳ್ಳೋಕೆ ಬಂದೋರ್‌ಗೆ ನಾನೂ ಏಳ್ನಿಲ್ಲ. ನೀನೊಬ್ಳೇ ಮುಚ್ಚಿಟ್ಟಿದ್ದೀಯ ಅಂದ್ಕಂಡ್ಯಾ?"

ಹೊರಗೆ ಯಾವುದೋ ಕಾರ್ಖಾನೆಯ ಆರು ಗಂಟೆಯ ಸೈರನ್ ಕೂಗಿತು. ಮೇಘನಾ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದಳು.

"ಹಾಕೇ," ಎಂದಳು ರತ್ನಮ್ಮ ಮತ್ತೆ. "ಒಂದೇ ಎಳೆ."

ಕೂದಲಿನಷ್ಟು ತೆಳುವಾದ ತಂತಿ. ಎರಡು ಸಲ ಬೆರಳಿನಿಂದ ಜಾರಿತು. ಮೂರನೆಯ ಸಲ ತಿರುಪು ಬಿಗಿಯಾಯಿತು. ಹಗುರದ ಡಬ್ಬಿಗೆ ಅವಳು ಎಲ್ಲ ಸುರುಳಿಗಳನ್ನೂ ಸೇರಿಸಿದಳು. ಎಂಟುನೂರ ಐವತ್ತು. ಸುರುಳಿಗಳು ಕೆಂಪಗೆ ಕಾದವು. ಒಂದು ಗಂಟೆ ನಾನು ಅದರ ಎದುರಿನ ಸ್ಟೂಲಿನಿಂದ ಏಳಲಿಲ್ಲ. ಐದೈದು ನಿಮಿಷಕ್ಕೆ ಕೈಯಿಟ್ಟು ನೋಡಿದೆ. ಕುಡಿದಿಟ್ಟ ಚಹಾ ಲೋಟದಷ್ಟು ಬೆಚ್ಚಗಿತ್ತು, ಅಷ್ಟೇ. ಗದಗಿನ ಮನೆಯವರ ಶೇಂಗಾ ಹೋಳಿಗೆಯನ್ನು ಮೂವರೂ ಹಂಚಿಕೊಂಡು ತಿಂದೆವು.

ಹೊರಡುವಾಗ ಏಳೂಕಾಲು. ಸ್ವಲ್ಪ ದೂರ ಹೋಗಿ ಒಮ್ಮೆ ಹಿಂದಿರುಗಿ ನೋಡಿದೆ. ಎತ್ತಿದ ಶಟರಿನಾಚೆ, ಶೆಡ್ಡಿನ ಹಿಂಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ರತ್ನಮ್ಮ ಆ ಸುಟ್ಟ ಭಾರದ ಡಬ್ಬಿಯನ್ನು ಕಾಲಿನಿಂದ ತಳ್ಳಿ ಅಡ್ಡ ಇಡುತ್ತಿದ್ದಳು.

ಮನೆಯ ಕಡೆಗೆ ನಡೆದೇ ಹೊರಟೆವು. ನಮ್ಮ ಬೀದಿಯ ತಿರುವಿನಲ್ಲಿ ಮೇಘನಾ ನಿಂತು ಕೇಳಿದಳು: "ಅಜ್ಜಿ, ನಮ್ಮನೆ ಫ್ಯೂಸ್‌ನಲ್ಲಿ ಯಾವ ತಂತಿ ಇದೆ?"

ಅದನ್ನು ಹಾಕಿದವಳು ನಾನೇ. ಎಷ್ಟು ಎಳೆ ಹಾಕಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದೆ. ಒಂದೇ ಎಂದು ಮನಸ್ಸು ಕೂಡಲೇ ಹೇಳಿತು. ಅದು ಅಷ್ಟು ಬೇಗ ಹೇಳಿದ್ದರಿಂದಲೇ ನನಗೆ ಭಯವಾಯಿತು.

"ಮೇನ್ ಆರಿಸಿ ನೀನೇ ಬಿಚ್ಚಿ ನೋಡು," ಎಂದೆ. "ನಾನು ಹೇಳಿದ್ದನ್ನ ನಂಬಬೇಡ."

ಚೀಲದಿಂದ ಟೆಸ್ಟರನ್ನು ತೆಗೆದು ಅವಳ ಕೈಗೆ ಕೊಟ್ಟೆ.